ಕಾಕಾನ ಕಳೆಯುವ ಲೆಕ್ಕ

ನಮ್ಮ ಕಾಕಾ ಅವರಿಗೆ ಲೆಕ್ಕ ಬರುವುದಿಲ್ಲ!

ಈ ಮಾತನ್ನು ಸೇಡಂ ಬಸ್ ಸ್ಟ್ಯಾಂಡಿನಲ್ಲಿ ನಿಂತು ಗಟ್ಟಿಯಾಗಿ ಹೇಳಿದರೆ ನನಗೆ ನಾಲ್ಕು ಏಟು ಬೀಳುವುದು ಖಂಡಿತ. ಯಾಕೆಂದರೆ ಕಾಕಾ, ಅಂದರೆ ನಮ್ಮ ಅಪ್ಪನ ತಮ್ಮ, ಅದೇ ಊರಿನಲ್ಲಿ ಮೂವತ್ತನಾಲ್ಕು ವರ್ಷ ಹೈಸ್ಕೂಲು ಹುಡುಗರಿಗೆ ಗಣಿತ ಕಲಿಸಿ ನಿವೃತ್ತರಾದವರು. ಬಸ್ ಕಂಡಕ್ಟರು ಅವರ ಶಿಷ್ಯ, ಚಹಾದಂಗಡಿಯವನು ಅವರ ಶಿಷ್ಯ, ಕ್ಷೌರದಂಗಡಿಯವನು ಅವರ ಶಿಷ್ಯ. ಇವರೆಲ್ಲರ ಮಕ್ಕಳೂ ಅವರ ಶಿಷ್ಯರೇ. ಆದರೂ ಹೇಳುತ್ತೇನೆ. ಒಂದೇ ಒಂದು ಲೆಕ್ಕ, ಅದೂ ಮೂರನೇ ಇಯತ್ತೆಯ ಹುಡುಗ ಮಾಡಬಹುದಾದ ಕಳೆಯುವ ಲೆಕ್ಕ, ಅವರಿಗೆ ಬರಲಿಲ್ಲ. ಅದು ನನಗೂ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಮೊದಲು ಕಾಕಾ ಎಂಥವರು ಅನ್ನುವುದು ನಿಮಗೆ ಗೊತ್ತಾಗಬೇಕು. ಉತ್ತರ ಸರಿ ಇದ್ದರೂ ಹಂತ ಬರೆಯದಿದ್ದರೆ ಅವರು ಸೊನ್ನೆ ಕೊಡುತ್ತಿದ್ದರು. ಒಂದು ಸಲ ಹೆಡ್ ಮಾಸ್ತರರ ಮಗನಿಗೇ ಸೊನ್ನೆ ಬಿತ್ತು. ಹೆಡ್ ಮಾಸ್ತರರು ಪಾಪ, ಸಂಕೋಚಪಟ್ಟುಕೊಂಡೇ ಕೇಳಿದರಂತೆ.

"ಮಾಸ್ತರ, ಉತ್ತರ ಬರೋಬ್ಬರಿ ಅದಲ್ರಿ?"

"ಉತ್ತರ ಮನಿಗೆ ಬಂದದ, ಖರೆ. ಯಾವ ದಾರೀಲೆ ಬಂತು ನನಗ ಗೊತ್ತಾಗಬೇಕಲ್ರಿ! ಗ್ವಾಡಿ ಜಿಗದು ಬಂದಿದ್ರ?"



ಇನ್ನೊಂದು ನಿಯಮ ಇದಕ್ಕಿಂತ ಕಠಿಣ. ಒಂದನೇ ಲೆಕ್ಕ ಮುಗಿಯುವವರೆಗೆ ಎರಡನೆಯದಕ್ಕೆ ಕೈ ಹಚ್ಚುವಂತಿಲ್ಲ. ಈ ನಿಯಮವನ್ನು ಅಕ್ಷರಶಃ ನಂಬಿದ ಹುಡುಗನೊಬ್ಬ ವಾರ್ಷಿಕ ಪರೀಕ್ಷೆಯಲ್ಲಿ ಮೂರು ತಾಸು ಒಂದನೇ ಲೆಕ್ಕದ ಮುಂದೆಯೇ ಕೂತು ನಪಾಸಾದ. ಈಗ ಅವನದು ಚಿಂಚೋಳಿಯಲ್ಲಿ ದೊಡ್ಡ ಬಟ್ಟೆ ಅಂಗಡಿ. ಕಾಕಾ ಆ ಕಡೆ ಹೋದಾಗಲೆಲ್ಲ ಅವನು ಗಲ್ಲೆಯಿಂದ ಎದ್ದು ಬಂದು, ಕೈ ಮುಗಿದು, "ಸರ, ಈಗರೆ ಎರಡನೇದು ಮಾಡ್ಲಿ?" ಎಂದು ಕೇಳುತ್ತಾನೆ. ಕಾಕಾ ನಗುವುದಿಲ್ಲ. "ಒಂದನೇದು ಮುಗೀತೇನು?" ಎನ್ನುತ್ತಾರೆ!

ಇಂಥವರಿಗೂ ಇವರ ಹೆಂಡತಿ ನಮ್ಮ ಕಾಕುವಿಗೂ ಸೇರಿಸಿ ಆರೋಗ್ಯ ವಿಮೆಯ ಪಾಲಿಸಿ ಮಾಡಿಸಿದ ಪಾಪಿ ಯಾರು ಗೊತ್ತೇ? ನಾನೇ.

ಆಗ ನನ್ನದು ಬಸ್ ಸ್ಟ್ಯಾಂಡಿನ ಹಿಂದೆ ಜೆರಾಕ್ಸ್ ಅಂಗಡಿ, ಅದರ ಮೂಲೆಯಲ್ಲೊಂದು ಎಸ್‌ಟಿಡಿ ಬೂತು. ಎರಡರಿಂದಲೂ ಹೊಟ್ಟೆ ತುಂಬುತ್ತಿರಲಿಲ್ಲ ಎಂದು ವಿಮೆಯ ಏಜೆನ್ಸಿಯನ್ನೂ ಹಿಡಿದಿದ್ದೆ. ಹೊಸ ಏಜೆಂಟನಿಗೆ ಮೊದಲ ಗಿರಾಕಿ ಅಂದರೆ ಹತ್ತಿರದ ಸಂಬಂಧಿಕರೇ ಅಲ್ಲವೇ? ಬಾಯಿ ಬಿಟ್ಟು ಬೇಡ ಅನ್ನುವುದಕ್ಕೆ ಅವರಿಗೆ ಆಗುವುದಿಲ್ಲ. ಕಾಕಾ ಬೇಡ ಅನ್ನಲಿಲ್ಲ. ಪಾಲಿಸಿಯ ಪುಸ್ತಿಕೆಯನ್ನು ಹನ್ನೊಂದು ದಿನ ಓದಿದರು. ಸಣ್ಣ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದರು. ಆಮೇಲೆ ನಲವತ್ತಮೂರು ಪ್ರಶ್ನೆಗಳ ಪಟ್ಟಿಯೊಂದಿಗೆ ಅಂಗಡಿಗೆ ಬಂದು ಕೂತರು.

"ರೂಮಿನ ಬಾಡಿಗಿ ಬರ್ತದೇನು?"

"ಬರ್ತದ ಕಾಕಾ."

"ಔಷಧ?"

"ಬರ್ತದ ಕಾಕಾ."

"ಇಲ್ಲಿ 'ಯುಕ್ತ ಮತ್ತು ಅವಶ್ಯಕ ವೆಚ್ಚ' ಅಂತ ಬರದಾರ. ಯುಕ್ತ ಅಂದ್ರ ಎಷ್ಟು?"

ನನಗೇನು ಗೊತ್ತು! ನಾನು ಎರಡು ದಿನದ ತರಬೇತಿಯಲ್ಲಿ ಎರಡನೇ ದಿನ ಮದುವೆಗೆ ಹೋಗಿದ್ದವನು. "ಎಲ್ಲಾ ಬರ್ತದ ಕಾಕಾ, ನೀವು ಸಹಿ ಮಾಡ್ರಿ" ಅಂದೆ. ಉಳಿದ ನಲವತ್ತು ಪ್ರಶ್ನೆಗಳಿಗೂ ಅದೇ ಉತ್ತರ. ಹಂತ ತೋರಿಸದೆ ಉತ್ತರ ಕೊಟ್ಟವನನ್ನು ಕಾಕಾ ಜೀವನದಲ್ಲಿ ಒಂದೇ ಸಲ ನಂಬಿದರು. ಅವರ ಅಣ್ಣನ ಮಗ ಎಂದು ನಂಬಿದರು.

ಎರಡು ವರ್ಷ ಕಂತು ಕಟ್ಟಿದ್ದಷ್ಟೇ. ಮೂರನೇ ವರ್ಷ ಕಾಕುವಿನ ಕಣ್ಣು ಮಂಜಾಯಿತು.

ಅದನ್ನು ಪತ್ತೆ ಹಚ್ಚಿದವರೂ ಕಾಕಾ ಅವರೇ, ಅದೂ ಗಣಿತದಿಂದ! ನಮ್ಮ ಕಡೆ ತೊಗರಿಬೇಳೆ ಇಲ್ಲದೆ ಊಟವಿಲ್ಲ. ಕಾಕು ದಿನಾಲೂ ಮೊರದಲ್ಲಿ ಬೇಳೆ ಹರವಿಕೊಂಡು ಕಲ್ಲು ಆರಿಸುತ್ತಿದ್ದರು. ಒಂದು ದಿನ ಊಟದ ನಡುವೆ ಕಾಕಾ ಬಾಯಲ್ಲಿ ಕಟಕ್ ಎಂದಿತು. ಬೇರೆ ಗಂಡಸರಾಗಿದ್ದರೆ ಕೂಗಾಡುತ್ತಿದ್ದರು. ಕಾಕಾ ಆ ಕಲ್ಲನ್ನು ತಟ್ಟೆಯಂಚಿಗಿಟ್ಟು, ಊಟ ಮುಗಿಸಿ, ಕೈ ತೊಳೆದು, ಗೋಡೆಯ ಕ್ಯಾಲೆಂಡರಿನಲ್ಲಿ 'ಕಲ್ಲು ಒಂದು' ಎಂದು ಬರೆದರು. ಆ ವಾರ ಎರಡು, ಮುಂದಿನ ವಾರ ನಾಲ್ಕು, ಅದರ ಮುಂದಿನ ವಾರ ಆರು.

"ಕಲ್ಲು ಸಮಾಂತರ ಶ್ರೇಢಿಯೊಳಗ ಏರ್ಲಿಕತ್ತಾವ" ಎಂದು ತಿಂಗಳ ಕೊನೆಗೆ ಘೋಷಿಸಿದರು. "ತಪ್ಪು ಬ್ಯಾಳೀದಲ್ಲ. ಆಕಿ ಕಣ್ಣಿಂದು."

"ಅಯ್ಯ, ಕಣ್ಣು ಛಲೋನೇ ಅವ. ಅಂಗಡ್ಯಾವ ಕಲ್ಲು ಹಾಕ್ಲಿಕತ್ತಾನ" ಎಂದರು ಕಾಕು. ಹಾಗೆ ಹೇಳುತ್ತಲೇ ನನ್ನ ಚಹಾವನ್ನು ಕಪ್ಪಿನ ಪಕ್ಕದಲ್ಲಿ, ನೆಲದ ಮೇಲೆ ಸುರಿದರು.

ಕಲಬುರ್ಗಿಯ ಒಂದು ಖಾಸಗಿ ಕಣ್ಣಿನ ಆಸ್ಪತ್ರೆಗೆ ಹೋದೆವು. ಎರಡೂ ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆ. ಮೊದಲು ಎಡಗಣ್ಣು ಮಾಡೋಣ, ಎರಡು ತಿಂಗಳು ಬಿಟ್ಟು ಬಲಗಣ್ಣು, ಭಾಳ ತಡ ಮಾಡಬೇಡಿ, ಹಣ್ಣಾದರೆ ಕಷ್ಟ, ಎಂದರು ಡಾಕ್ಟರು. ದಿನವೂ ಗೊತ್ತಾಯಿತು. ಕಾಕು ಪಂಚಾಂಗ ನೋಡಿಸಿದರು. ದಶಮಿ!

ಇಲ್ಲಿ ನಮ್ಮ ಮನೆತನದ ಬಗ್ಗೆ ಒಂದು ಮಾತು. ನಾವು ವೈಷ್ಣವರು. ಏಕಾದಶಿ ಅಂದರೆ ನಮ್ಮ ಕಾಕುವಿಗೆ ಸುಮ್ಮನೆ ಅವಲಕ್ಕಿ, ಹಣ್ಣು ತಿನ್ನುವ ಉಪವಾಸವಲ್ಲ. ದಶಮಿಯ ದಿನ ಒಂದೇ ಹೊತ್ತು ಊಟ. ಏಕಾದಶಿಗೆ ನೀರೂ ಇಲ್ಲ. ದ್ವಾದಶಿಯ ದಿನ ಬೆಳಗ್ಗೆ ಪಾರಣೆ, ಆಮೇಲೆ ಬಾಕಿ ಲೋಕ. ಕಣ್ಣಿಗೆ ಪಟ್ಟಿ ಕಟ್ಟಿದ್ದರೇನು, ಹೊಟ್ಟೆಗೆ ಕಟ್ಟಿಲ್ಲವಲ್ಲ ಎಂಬುದು ಕಾಕುವಿನ ವಾದ. ಆಪರೇಷನ್ ಆದ ಮೇಲೆ ರಕ್ತದೊತ್ತಡ ಏರಿದ್ದರಿಂದ ದ್ವಾದಶಿಯವರೆಗೆ ಇರಬೇಕೆಂದು ಡಾಕ್ಟರು ಹೇಳಿದರು. ಏಕಾದಶಿಯ ದಿನ ಗುಳಿಗೆ ನುಂಗಲು ಒಂದು ಗುಟುಕು ನೀರು ಕುಡಿಯಲೆಂದು ಅವರು ಅಕ್ಷರಶಃ ಕೈ ಮುಗಿದರು. ಕಾಕು ಆ ಗುಟುಕಿಗಾಗಿ ದೇವರಲ್ಲಿ ಕ್ಷಮೆ ಕೇಳಿ ಕುಡಿದರು.

ಆಸ್ಪತ್ರೆಯಲ್ಲೊಂದು ಮೆಸ್ಸಿತ್ತು. ನಡೆಸುವವರು ನಮ್ಮವರೇ, ಒಬ್ಬ ಆಚಾರ್ಯರು. ಹಾಗಾಗಿ ಕಾಕು ಅಲ್ಲಿಯ ಊಟಕ್ಕೆ ಒಪ್ಪಿದ್ದರು. ಮನೆಗೆ ಹೊರಡುವ ದಿನ ಬಿಲ್ಲು ಬಂತು. ಆಸ್ಪತ್ರೆಯದು ಇಂಗ್ಲಿಷಿನಲ್ಲಿ, ಮೆಸ್ಸಿನ ಚೀಟಿ ಮಾತ್ರ ಆಚಾರ್ಯರ ಕೈಬರಹದ ದಪ್ಪ ಕನ್ನಡ ಅಕ್ಷರಗಳಲ್ಲಿ. 'ರೋಗಿಯ ಊಟ, ಮೂರು ದಿನ, ರೂ. 120.'

ಕಾಕಾ ಚೀಟಿ ಹಿಡಿದುಕೊಂಡು ಮೆಸ್ಸಿಗೆ ನಡೆದರು.

"ಆಚಾರ್ರ, ದಶಮಿ ದಿನ ಎಷ್ಟು ಹೊತ್ತು ಉಂಡಾಳ?"

"ಒಂದ ಹೊತ್ರಿ."

"ಅಂದ್ರ ಅರ್ಧ ದಿನ. ಏಕಾದಶಿ?"

"ರಾಮ ರಾಮ! ಏಕಾದಶಿಗೆ ಯಾರು ಉಣ್ತಾರ್ರಿ?"

"ಅಂದ್ರ ಸೊನ್ನಿ. ದ್ವಾದಶಿ ಮುಂಜಾನೆ ಪಾರಣಿ ಮಾಡಿ ಈಗ ಹೊಂಟೀವಿ. ಅರ್ಧ. ಅರ್ಧ, ಸೊನ್ನಿ, ಅರ್ಧ. ಕೂಡಿಸ್ರಿ."

ಆಚಾರ್ಯರು ಬೆರಳಲ್ಲಿ ಕೂಡಿಸಿ ನೋಡಿದರು. ಒಂದೇ ಬಂತು. ಅವರಿಗೂ ಇದು ಧರ್ಮಸಮ್ಮತವೆನಿಸಿತು. ಏಕಾದಶಿ ದಿನದ ಊಟಕ್ಕೆ ದುಡ್ಡು ತೆಗೆದುಕೊಂಡ ಪಾಪ ಯಾರಿಗೆ ಬೇಕು? ಹಳೆಯ ಚೀಟಿ ಹರಿದು ಹೊಸದು ಬರೆದರು. 'ರೋಗಿಯ ಊಟ, ಒಂದು ದಿನ, ರೂ. 40.' ಕಾಕಾ ಎಂಬತ್ತು ರೂಪಾಯಿ ಉಳಿಸಿದರು! ಮಳಖೇಡದ ಸೇತುವೆ ದಾಟುವವರೆಗೂ ಬಸ್ಸಿನಲ್ಲಿ ಅದನ್ನೇ ಹೇಳಿದರು. ಕಂಡಕ್ಟರು ಶಿಷ್ಯನಾದ್ದರಿಂದ ಅವನೂ ಕೇಳಬೇಕಾಯಿತು.

ಒಟ್ಟು ಬಿಲ್ಲು ಹದಿನೆಂಟು ಸಾವಿರದ ನೂರಿಪ್ಪತ್ತು ರೂಪಾಯಿ. ಕಾಕಾ ತಾವೇ ಕಟ್ಟಿದ್ದರು. ಈಗ ವಿಮೆಯವರು ಅದನ್ನು ಕೊಡಬೇಕು. ಫಾರ್ಮು ತುಂಬಿದೆವು. ಅಸಲಿ ಬಿಲ್ಲು, ಡಾಕ್ಟರ ಪ್ರಮಾಣಪತ್ರ, ಔಷಧದ ರಸೀದಿ, ಮೆಸ್ಸಿನ ಚೀಟಿ, ಎಲ್ಲವನ್ನೂ ದಾರ ಹಾಕಿ ಕಟ್ಟಿದೆವು. ಪ್ರತಿಯೊಂದಕ್ಕೂ ಎರಡೆರಡು ಜೆರಾಕ್ಸು. ಆ ಜೆರಾಕ್ಸಿಗೂ ಒಂದು ಜೆರಾಕ್ಸು, ಒಂದು ವೇಳೆ ಮೊದಲ ಜೆರಾಕ್ಸು ಕಳೆದರೆ ಎಂದು! ಎಲ್ಲವೂ ನನ್ನ ಅಂಗಡಿಯಲ್ಲೇ, ಎಲ್ಲವೂ ಪುಕ್ಕಟೆ.

ಮೂರು ತಿಂಗಳ ಮೇಲೆ ಕಂದು ಬಣ್ಣದ ಲಕೋಟೆ ಬಂತು. ಒಳಗೆ ಚೆಕ್ಕಿರಲಿಲ್ಲ. ಒಂದು ವೋಚರು ಇತ್ತು. 'ಪೂರ್ಣ ಮತ್ತು ಅಂತಿಮ ಇತ್ಯರ್ಥವಾಗಿ ಹನ್ನೊಂದು ಸಾವಿರದ ಇನ್ನೂರ ಅರವತ್ತು ರೂಪಾಯಿ ಒಪ್ಪಿದ್ದೇನೆ' ಎಂದು ರೆವಿನ್ಯೂ ಟಿಕೆಟ್ಟಿನ ಮೇಲೆ ಸಹಿ ಮಾಡಿ ಕಳಿಸಿದರೆ ಚೆಕ್ಕು ಬರುತ್ತದಂತೆ.

ಕಾಕಾ ಅದನ್ನು ಮೂರು ಸಲ ಓದಿದರು. ಹಿಂದೆ ಮುಂದೆ ತಿರುಗಿಸಿದರು. ಲಕೋಟೆಯನ್ನು ತಲೆಕೆಳಗೆ ಮಾಡಿ ಜಾಡಿಸಿದರು. ಏನೂ ಬೀಳಲಿಲ್ಲ.

"ತಮ್ಮಾ, ಹಂತ ಎಲ್ಲಿ ಅವ?"

"ಯಾವ ಹಂತ ಕಾಕಾ?"

"ಹದಿನೆಂಟು ಸಾವಿರದ ನೂರಿಪ್ಪತ್ತು ಕೊಟ್ಟೀವಿ. ಹನ್ನೊಂದು ಸಾವಿರದ ಇನ್ನೂರ ಅರವತ್ತು ಬಂದದ. ನಡುವ ಆರು ಸಾವಿರದ ಎಂಟುನೂರ ಅರವತ್ತು ಎಲ್ಲಿ ಹ್ವಾದ್ವು? ನೀ ಎಲ್ಲಾ ಬರ್ತದ ಅಂದಿದ್ದಿ."

ನಾನು ಜೆರಾಕ್ಸ್ ಯಂತ್ರದೊಳಗೆ ತಲೆ ತೂರಿಸಿ, ಏನೋ ರಿಪೇರಿ ಇದ್ದವನಂತೆ ಇದ್ದುಬಿಟ್ಟೆ.

ಕಾಕಾ ಸುಮ್ಮನಿರುವವರೇ? ಹಳೆಯ ಕೆಂಪು ಪೆನ್ನು ಹುಡುಕಿ ತೆಗೆದರು. ವೋಚರಿನ ಅಂಚಿಗೆ 'ಹಂತಗಳಿಲ್ಲ. ಉತ್ತರ ಒಪ್ಪತಕ್ಕದ್ದಲ್ಲ. 0/10. ಮತ್ತೊಮ್ಮೆ ಮಾಡಿ ತೋರಿಸಿ' ಎಂದು ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ವಾಪಸು ಕಳಿಸಿದರು! ತಿಂಗಳಾದ ಮೇಲೆ ವಿಮೆಯವರಿಂದ ಉತ್ತರ ಬಂತು. ಅದೇ ವೋಚರು, ಹೊಸ ಕಾಗದದಲ್ಲಿ. ಅದೇ ಹನ್ನೊಂದು ಸಾವಿರದ ಇನ್ನೂರ ಅರವತ್ತು.

ಅಲ್ಲಿಂದ ಶುರುವಾಯಿತು ನೋಡಿ, ಇಡೀ ಸೀಮೆಗೆ ಲೆಕ್ಕ ಕೇಳುವ ಯಾತ್ರೆ. ಕಾಕಾ ಚೀಲದಲ್ಲಿ ಜೆರಾಕ್ಸು ಹಾಕಿಕೊಂಡು ಹೊರಟರು, ಹಿಂದೆ ಅಪರಾಧಿ ನಾನು. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡುವ ಶಿಷ್ಯನೊಬ್ಬನಿದ್ದ. ಅವನು ಕ್ಯಾಲ್ಕುಲೇಟರು ತಗೊಂಡು ಅರ್ಧ ದಿನ ಕೂತ. ಲೆನ್ಸಿಗೆ ಎರಡೂವರೆ ಸಾವಿರ ಮುರಿದುಕೊಂಡಿರಬಹುದು, ನೋಂದಣಿಯ ನೂರು, ಊಟದ ನಲವತ್ತು ಬರುವುದಿಲ್ಲ, ಎಂದು ಲೆಕ್ಕ ಹಾಕಿ ಹದಿನೈದು ಸಾವಿರದ ನಾನೂರ ಎಂಬತ್ತಕ್ಕೆ ನಿಂತ. "ಇದರ ಕೆಳಗ ಇಳೀವಲ್ದು ಸರ" ಎಂದು ಬೆವರು ಒರೆಸಿಕೊಂಡ. ಶಹಾಬಾದಿನ ಕಂಪೌಂಡರೊಬ್ಬರು ತಮ್ಮ ಭಾವನಿಗೆ ಇದೇ ಆಪರೇಷನ್ನಿಗೆ ಪೂರಾ ದುಡ್ಡು ಬಂದಿದೆ ಎಂದರು. ಅವರ ಮನೆಯ ಪಕ್ಕದವರು ತಮಗೆ ಒಂದು ಪೈಸೆಯೂ ಬಂದಿಲ್ಲ ಎಂದರು. ನನ್ನ ತಲೆ ಚಿಟ್ಟು ಹಿಡಿಯಿತು.

ಚಿತ್ತಾಪುರದಲ್ಲಿ ಕಾಕಾ ಅವರ ಗೆಳೆಯರೊಬ್ಬರು ವಕೀಲರು. ಅವರು ಕನ್ನಡಕ ಏರಿಸಿ ಪಾಲಿಸಿ ಓದಿ, "ಯುಕ್ತವಾದ ಖರ್ಚು ಅಷ್ಟ ಕೊಡ್ತೀವಿ ಅಂತ ಅದ ನೋಡ್ರಿ ಮಾಸ್ತರ" ಎಂದರು.

"ಯುಕ್ತ ಎಷ್ಟು ಅನ್ನೂದು ಯಾರು ನಿರ್ಣಯ ಮಾಡ್ತಾರ?"

"ಅವರ."

"ಅಲ್ರಿ, ಹುಡುಗ ತನ್ನ ಪೇಪರ್ ತಾನ ತಿದ್ದಿಕೊಂಡಂಗಾತಲ್ಲ!"

"ಹಂಗ ಅನ್ಕೋರಿ" ಎಂದು ವಕೀಲರು ಚಹಾ ತರಿಸಿದರು.

ಎಲ್ಲರಿಗಿಂತ ಸರಳ ಉತ್ತರ ಕೊಟ್ಟವರು ಕಾಕು. "ಎರಡು ಕಣ್ಣಿನ್ಯಾಗ ಒಂದ ಕಣ್ಣು ಮಾಡ್ಸೀವಿ. ಅದಕ್ಕ ಅರ್ಧಮರ್ಧ ಕೊಟ್ಟಾರ. ಅಷ್ಟೂ ತಿಳಿಯೂದಿಲ್ಲೇನ್ರಿ?" ಎಂದರು. ನನಗಂತೂ ಒಂದು ಕ್ಷಣ ಇದೇ ಸರಿ ಇರಬಹುದು ಅನಿಸಿಬಿಟ್ಟಿತು!

ಆದರೆ ನಗುವ ವಿಷಯ ಇದಾಗಿರಲಿಲ್ಲ. ಎರಡು ತಿಂಗಳಿಗೆ ಆಗಬೇಕಾದ ಬಲಗಣ್ಣು ಹಾಗೇ ಉಳಿದಿತ್ತು. ದುಡ್ಡಿನ ಕೊರತೆಯೇನೂ ಇರಲಿಲ್ಲ, ಪಿಂಚಣಿ ಬರುತ್ತಿತ್ತು. ಅಡ್ಡ ಬಂದದ್ದು ಆ ಹಾಳು ನಿಯಮ. ನಾನು ಕೇಳಿದಾಗಲೆಲ್ಲ ಕಾಕಾ, "ಒಂದನೇದು ಮುಗೀಲಿ" ಎನ್ನುತ್ತಿದ್ದರು. ಮೊದಲನೇ ಕಣ್ಣಿನ ಲೆಕ್ಕ ಮುಗಿಯದೆ ಎರಡನೇ ಕಣ್ಣಿಗೆ ಕೈ ಹಚ್ಚುವಂತಿಲ್ಲ! ಕಾಕು ಒಂದು ಸಲವೂ ಗೊಣಗಲಿಲ್ಲ. ಬಲಗಡೆಯಿಂದ ಯಾರು ಬಂದರೂ ಅವರಿಗೆ ತಿಳಿಯುತ್ತಿರಲಿಲ್ಲ, ಅಷ್ಟೇ. ಬಾಗಿಲ ಬಲಗಂಬಕ್ಕೆ ದಿನಕ್ಕೆರಡು ಸಲ ಭುಜ ತಗುಲುತ್ತಿತ್ತು. ಎಂಟನೇ ತಿಂಗಳಿಗೆ ಆ ಭುಜದ ಮೇಲೆ ಕಪ್ಪು ಕಲೆ ನೋಡಿದ ದಿನ ನನಗೆ ಕಾಕಾ ಮೇಲೆ ಸಿಟ್ಟು ಬಂತು. ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಮರುದಿನ ಅಂಗಡಿಗೆ ಬೀಗ ಹಾಕಿ ಕಲಬುರ್ಗಿಯ ವಿಮಾ ಕಚೇರಿಗೆ ಹೋದೆ. ಲೆಕ್ಕದ ಉತ್ತರವಿಲ್ಲದೆ ಏಳುವುದಿಲ್ಲ ಎಂದು ಅಧಿಕಾರಿಯ ಮುಂದೆ ಕೂತೆ.

ಅಧಿಕಾರಿ ಒಳ್ಳೆಯ ಮನುಷ್ಯ. ಕಡತ ತರಿಸಿದರು. ಲೆನ್ಸು, ನೋಂದಣಿ, ಊಟ, ವಾಡಿಯ ಶಿಷ್ಯ ಹೇಳಿದ್ದೆಲ್ಲ ಸರಿ ಇತ್ತು. ಆಮೇಲೆ ಅವರ ಬೆರಳು ಮೆಸ್ಸಿನ ಚೀಟಿಯ ಮೇಲೆ ನಿಂತಿತು.

"ಇದು ನೋಡ್ರಿ. ಪೇಷಂಟು ಒಂದ ದಿನ ಊಟ ಮಾಡ್ಯಾರ. ಅಂದ್ರ ಒಂದ ದಿನ ಇದ್ದಾರ. ಇನ್ನೆರಡು ದಿನದ ರೂಮು, ನರ್ಸು, ಡಾಕ್ಟರ್ ಫೀಸು ಹೆಂಗ ಕೊಡಾಕ ಬರ್ತದ? ಹತ್ತೊಂಬತ್ತು ನೂರು ಕಡಿದೀವಿ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಸಾಹೇಬ್ರ, ಅವತ್ತು ಏಕಾದಶಿ ಇತ್ರಿ!"

ಅವರು ಕಡತವನ್ನು ಮತ್ತೊಮ್ಮೆ ನೋಡಿದರು. "ಏಕಾದಶಿಗೆ ನಮ್ಮ ಫಾರ್ಮಿನ್ಯಾಗ ಕಾಲಂ ಇಲ್ರಿ" ಎಂದರು. ಪಾಪ, ಬೇಜಾರಿನಿಂದಲೇ ಹೇಳಿದರು.

"ಅದೂ ಹೋಗ್ಲಿ. ಇನ್ನೂ ಎರಡು ಸಾವಿರದ ಮುನ್ನೂರಿಪ್ಪತ್ತು ಉಳೀತಾವಲ್ರಿ?"

ಅಧಿಕಾರಿ ಕ್ಯಾಲ್ಕುಲೇಟರು ಒತ್ತಿದರು. ಪಕ್ಕದ ಮೇಜಿನವರನ್ನು ಕರೆದರು. ಅವರು ಇನ್ನೊಬ್ಬರನ್ನು ಕರೆದರು. ಮೂವರೂ ಸೇರಿ ಒಂದೂವರೆ ತಾಸು ಕೂಡಿಸಿ ಕಳೆದರು. ಕೊನೆಗೆ ಅಧಿಕಾರಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಅದು ಮ್ಯಾಲಿನ ಆಫೀಸಿನವರು ಕಡಿದಾರ್ರಿ. ಯಾಕ ಅಂತ ನಮಗೂ ಗೊತ್ತಿಲ್ಲ. ನಿಮಗೇನರೆ ತಿಳದ್ರ ನಮಗೂ ಹೇಳ್ರಿ" ಎಂದರು!

ಸೇಡಂಗೆ ಬಂದವನೇ ಕಾಕಾ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಒಂದು ಕಾಗದ ತಗೊಂಡು ಎಡಕ್ಕೆ 80 ಎಂದು ಬರೆದರು, ಬಲಕ್ಕೆ 1,900.

"ಅಂದ್ರ ತಪ್ಪು ನಂದು?"

"ತಪ್ಪಲ್ಲ ಕಾಕಾ. ನಿಮ್ಮ ಲೆಕ್ಕ ಬರೋಬ್ಬರಿನೇ ಇತ್ತು."

"ಬರೋಬ್ಬರಿ ಇದ್ದದ್ದು ತಪ್ಪು ಹೆಂಗಾಗ್ತದೋ?"



ಒಂದು ಕ್ಷಣ ಅವರ ಮುಖ ಬಾಡಿತು. ಮರುಕ್ಷಣವೇ ಎದ್ದು ನಿಂತರು. ಆ ದಿನ ಏಕಾದಶಿ ಇತ್ತೆಂದು ಪಂಚಾಂಗದ ಜೆರಾಕ್ಸು ಹಚ್ಚೋಣ, ಆಚಾರ್ಯರಿಂದ ಪ್ರಮಾಣಪತ್ರ ತರೋಣ, ಮಠದಿಂದಲೂ ಒಂದು ಪತ್ರ ಬರೆಸೋಣ, ಬರಕೋ, 'ಮಾನ್ಯರೇ' ಎಂದು ಉಕ್ತಲೇಖನವೇ ಶುರುವಾಯಿತು. ಇನ್ನೆಂಟು ತಿಂಗಳು ಹೋಯಿತು ಎಂದುಕೊಂಡು ನಾನು ಪೆನ್ನು ತೆಗೆದೆ.

ಆಗಲೇ ಕಾಕು ಒಳಗಿನಿಂದ ಮಜ್ಜಿಗೆಯ ಲೋಟ ಹಿಡಿದು ಬಂದರು. ಕಾಕಾ ಅವರ ಬಲಗಡೆಗೇ ನಿಂತಿದ್ದರು, ಒಂದು ಮೊಳದ ದೂರದಲ್ಲಿ. ಲೋಟಕ್ಕೆ ಕೈ ಚಾಚಿದರು. ಕಾಕು ಆ ಕೈ ದಾಟಿ ಮುಂದೆ ಹೋದರು.

"ಎಲ್ಲಿ ಹ್ವಾದರೋ ಇವರು? ಮಜ್ಜಿಗಿ ತಗೋರಿ, ಎಲ್ಲಿದ್ದೀರಿ?" ಎಂದು ಪಡಸಾಲೆಯ ಕಡೆಗೆ ಮುಖ ಮಾಡಿ ಕೂಗಿದರು.

ಕಾಕಾ ಕೈ ಚಾಚಿಕೊಂಡೇ ನಿಂತಿದ್ದರು. ಬಾಯಲ್ಲಿದ್ದ 'ಮಾನ್ಯರೇ' ಅಲ್ಲೇ ಉಳಿಯಿತು. ಆಮೇಲೆ ಕಪಾಟು ತೆಗೆದು ವೋಚರು ತಂದು, ಟಿಕೆಟ್ಟಿನ ಮೇಲೆ ಒಂದೇ ಏಟಿಗೆ ಸಹಿ ಮಾಡಿ ನನ್ನ ಕೈಗೆ ಕೊಟ್ಟರು. "ನಾಳಿ ಮುಂಜಾನಿ ಮೊದಲನೇ ಬಸ್ಸಿಗೆ ಹೋಗೋಣ" ಎಂದರು. ನನ್ನ ಮುಖ ನೋಡಲಿಲ್ಲ.

ಡಾಕ್ಟರು ಬಲಗಣ್ಣಿಗೆ ಬೆಳಕು ಬಿಟ್ಟು ನೋಡಿ ಬೈದರು. "ಭಾಳ ಹಣ್ಣಾಗ್ಯದ. ಎರಡು ತಿಂಗಳು ಅಂದ್ರ ಎಂಟು ತಿಂಗಳು ಮಾಡೀರಿ. ಆಪರೇಷನ್ ಮಾಡ್ತೀನಿ, ಖಾತ್ರಿ ಮಾತ್ರ ಕೊಡ್ಲಿಕ್ಕಾಗೂದಿಲ್ಲ" ಎಂದರು. ಹೊರಗೆ ಬಂದ ಮೇಲೆ ಕಾಕಾ ಗೋಡೆ ಹಿಡಿದು ಕೂತರು.

"ಆಕಿ ಕಣ್ಣು ಹೋದ್ರ ಆ ಲೆಕ್ಕ ಬಂದರ ಏನು, ಬಿಟ್ಟರ ಏನೋ ತಮ್ಮಾ? ಎಂಟು ತಿಂಗಳು ನಾ ಏನು ಮಾಡಿದೆ?"

ಎಲ್ಲಾ ಸರಿ ಹೋಗ್ತದ ಕಾಕಾ, ಎಂದು ಹೇಳಲು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಆ ಥರದ ಮಾತು ಅವರಿಗೆ ಒಮ್ಮೆ ಹೇಳಿ ಸಾಕಾಗಿತ್ತು.

ಆಪರೇಷನ್ ಆಯಿತು. ಕಣ್ಣು ತುಸು ಊದಿಕೊಂಡಿದ್ದರಿಂದ ಮೂರನೇ ದಿನ ಪಟ್ಟಿ ಬಿಚ್ಚುತ್ತೇವೆ ಎಂದರು. ಆ ಮೂರು ದಿನ ಕಾಕಾ ವಾರ್ಡಿನ ಹೊರಗಿನ ಬೆಂಚು ಬಿಟ್ಟು ದೂರ ಹೋಗಲಿಲ್ಲ. ನಾನು ಊಟಕ್ಕೆ ಕರೆದರೆ, "ಗಂಟಲಾಗ ಇಳೀವಲ್ದು, ನೀ ಹೋಗು" ಎನ್ನುತ್ತಿದ್ದರು. ನೀರು, ಎರಡು ಕಪ್ಪು ಚಹಾ, ಅಷ್ಟೇ. ಒಳಗಿದ್ದ ಕಾಕುವಿಗೆ ಎರಡೂ ಹೊತ್ತು ಒಂದೇ ಚಿಂತೆ. "ಉಂಡ್ರೇನ್ರಿ?" ಎಂದು ಕೇಳುತ್ತಿದ್ದರು. "ಉಂಡೆ" ಎಂದು ಕಾಕಾ ಬಾಗಿಲಲ್ಲೇ ನಿಂತು ಉತ್ತರ ಕೊಡುತ್ತಿದ್ದರು. "ನಿಮ್ಮ ದನಿ ಉಂಡವರ ದನಿ ಅಲ್ಲ" ಎಂದು ಕಾಕು ಮುಖ ತಿರುಗಿಸುತ್ತಿದ್ದರು.

ಮೂರನೇ ದಿನ ಬಿಲ್ಲು ಬಂತು. ಕಾಕಾ ಅದನ್ನು ಓದಲಿಲ್ಲ. ನೀವು ನಂಬಲಿಕ್ಕಿಲ್ಲ, ನಾನೂ ಕಣ್ಣಾರೆ ನೋಡಿ ನಂಬಿದ್ದು. ದುಡ್ಡು ಕಟ್ಟಿ, ರಸೀದಿ ಮಡಚಿ ನನ್ನ ಕೈಗಿಟ್ಟರು. ನಾನು ರೂಢಿಯಂತೆ ಒಂದೊಂದೇ ಸಾಲು ನೋಡುತ್ತ ಹೋದೆ. ಕೊನೆಗೆ ಆಚಾರ್ಯರ ಚೀಟಿ. 'ರೋಗಿಯ ಊಟ, ಮೂರು ದಿನ.' ಅದರ ಕೆಳಗೆ, 'ಜೊತೆಗಿದ್ದ ಯಜಮಾನರ ಊಟ, ಮೂರು ದಿನ, ಎರಡೂ ಹೊತ್ತು.'

ನನ್ನ ಪಿತ್ತ ನೆತ್ತಿಗೇರಿತು. ನೇರ ಮೆಸ್ಸಿಗೆ ಹೋದೆ.

"ಏನ್ರಿ ಆಚಾರ್ರ ಇದು? ನಮ್ಮ ಕಾಕಾ ಒಂದು ತುತ್ತು ಉಂಡಿಲ್ಲ. ತೆಗೀರಿ ಇದನ್ನ!"

ಆಚಾರ್ಯರು ನನ್ನನ್ನೇ ಗೊಂದಲದಿಂದ ನೋಡಿದರು. "ಅವರ ಬಂದು ಬರಸ್ಯಾರ್ರಿ. ರೊಕ್ಕನೂ ಕೊಟ್ಟಾರ. ಉಣ್ಣಾಕ ಬರ್ರಿ ಅಂದ್ರ ಬರವಲ್ರು. ಬರೀರಿ, ದಪ್ಪಗ ಬರೀರಿ ಅಂತಾರ. ನನಗೂ ಏನೂ ತಿಳೀಲಿಲ್ಲ" ಎಂದರು.

ತಿನ್ನದ ಊಟಕ್ಕೆ ಕಾಕಾ ದುಡ್ಡು ಕೊಟ್ಟರೇ? ನನಗೂ ಏನೂ ತಿಳಿಯಲಿಲ್ಲ. ಚೀಟಿ ಹಿಡಿದುಕೊಂಡೇ ವಾರ್ಡಿಗೆ ಓಡಿದೆ. ಅಷ್ಟರಲ್ಲಿ ಪಟ್ಟಿ ಬಿಚ್ಚಿಯಾಗಿತ್ತು. ಡಾಕ್ಟರು ಕಾಕುವಿನ ಎಡಗಣ್ಣು ಮುಚ್ಚಿ, ಬಲಗಣ್ಣಿನ ಮುಂದೊಂದು ಗಾಜು ಹಿಡಿದಿದ್ದರು. ಕಾಕಾ ಮಂಚದ ಸರಳು ಹಿಡಿದು ನಿಂತಿದ್ದರು.

"ಏನರೆ ಓದಾಕ ಕೊಡ್ರಿ ಇವರಿಗೆ" ಎಂದರು ಡಾಕ್ಟರು.

ಕಾಕಾ ನನ್ನ ಕೈಯಿಂದ ಆಚಾರ್ಯರ ಚೀಟಿ ಕಿತ್ತುಕೊಂಡು ಕಾಕುವಿನ ಮುಂದೆ ಹಿಡಿದರು. ಕಾಕು ಕಣ್ಣು ಕಿರಿದು ಮಾಡಿದರು. ತುಟಿ ಅಲುಗಿತು. ಏನೂ ಬರಲಿಲ್ಲ. ಕಾಕು ಚೀಟಿ ಹಿಡಿದ ಅವರ ಕೈಯನ್ನು ಹತ್ತಿರಕ್ಕೆ ಎಳೆದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿದರು.

"ಜೊ... ಜೊತೆಗಿದ್ದ... ಯಜಮಾನರ... ಊಟ. ಮೂರು ದಿನ. ಎರಡೂ ಹೊತ್ತು."

ಡಾಕ್ಟರು "ಶಾಬಾಸ್!" ಎಂದರು. ಕಾಕು ಚೀಟಿ ಬಿಟ್ಟು ಕಾಕಾ ಮುಖ ನೋಡಿದರು, ಆ ಹೊಸ ಕಣ್ಣಿನಿಂದ.

"ಹಂಗಾರ ಖರೇನೇ ಉಂಡೀರಿ?"

ಅರ್ಧ ಅಂಕದ ಸುಳ್ಳನ್ನೂ ಯಾರಿಗೂ ಬಿಟ್ಟುಕೊಡದ ನಮ್ಮ ಕಾಕಾ, ಮೂರು ದಿನದ ಉಪವಾಸದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಎರಡೂ ಕಣ್ಣಲ್ಲಿ ನೀರು ಸುರಿಸುತ್ತ ಹೇಳಿದರು.

"ಹೊಟ್ಟಿ ತುಂಬ ಉಂಡೀನಿ. ನೋಡು, ಬರದದಲ್ಲ."